ಲೈಸೆನ್ಸ್ ಓದುವವರು ಯಾರು?

(ಗ್ರಂಥಪಾಲಕರ ದಿನಕ್ಕೆಂದು ಉಡುಪಿಯಲ್ಲಿ ಸೇರಿದ್ದ ಕಾಲೇಜು ಗ್ರಂಥಪಾಲಕರು ಮತ್ತು ಅಧ್ಯಾಪಕರ ಮುಂದೆ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ಸ್ವಲ್ಪ ಬೆಳೆಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಆಗಸ್ಟ್ 12. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್. ಆರ್. ರಂಗನಾಥನ್ ಅವರ ಜನ್ಮದಿನ. ಪುಸ್ತಕ ಇರುವುದು ಬಳಕೆಗೆ ಎಂಬ ಅವರ ಮೊದಲ ಸೂತ್ರವನ್ನು ನಾವೆಲ್ಲ ಬಿ.ಲಿಬ್. ತರಗತಿಯಲ್ಲೇ ಬಾಯಿಪಾಠ ಮಾಡಿದ್ದೇವೆ. ಆ ಸೂತ್ರ ಬಂದದ್ದು 1931ರಲ್ಲಿ. ಆಗ ಲೈಬ್ರರಿ ಅಂದರೆ ಕಪಾಟು, ಕಪಾಟಿನಲ್ಲಿ ಪುಸ್ತಕ. ದುಡ್ಡು ಕೊಟ್ಟು ತಂದರೆ ಅದು ಲೈಬ್ರರಿಯ ಸ್ವತ್ತು. ಈಗ ನಮ್ಮ ಬಜೆಟ್ಟಿನ ದೊಡ್ಡ ಪಾಲು ಇ-ಜರ್ನಲ್, ಇ-ಬುಕ್, ಡೇಟಾಬೇಸ್‌ಗಳಿಗೆ ಹೋಗುತ್ತದೆ. ಅದರಲ್ಲಿ ಹೆಚ್ಚಿನದನ್ನು ನಾವು ಕೊಳ್ಳುವುದೇ ಇಲ್ಲ. ಓದಲಿಕ್ಕೆ ಅನುಮತಿ ಪಡೆಯುತ್ತೇವೆ, ಅಷ್ಟೇ. ಯಾರು ಓದಬಹುದು, ಎಲ್ಲಿ ಕೂತು ಓದಬಹುದು, ಎಷ್ಟು ಪುಟ ಪ್ರಿಂಟ್ ತೆಗೆಯಬಹುದು, ಇನ್ನೊಂದು ಕಾಲೇಜಿಗೆ ಕಳಿಸಬಹುದೇ ಇಲ್ಲವೇ ಎಂಬುದೆಲ್ಲ ಒಂದು ಒಪ್ಪಂದ ಪತ್ರದಲ್ಲಿ, ಅಂದರೆ ಲೈಸೆನ್ಸ್‌ನಲ್ಲಿ, ಇರುತ್ತದೆ. ನಾನು ಮಾತಾಡಲು ಬಂದಿರುವುದು ಆ ಕಾಗದದ ಬಗ್ಗೆ.

ಆ ಕಾಗದ ನಮ್ಮ ಕಾಲೇಜುಗಳಲ್ಲಿ ಹೇಗೆ ಓಡಾಡುತ್ತದೆ ಎಂದು ನಿಮಗೆ ಗೊತ್ತು. ಏಜೆಂಟರಿಂದ ಕೊಟೇಶನ್ ಬರುತ್ತದೆ. ಪರ್ಚೇಸ್ ಸೆಕ್ಷನ್‌ನವರು ಹೋದ ವರ್ಷದ ರೇಟು ಪಕ್ಕದಲ್ಲಿಟ್ಟು ನೋಡುತ್ತಾರೆ. ಡಿಸ್ಕೌಂಟ್ ಎಷ್ಟು, ಡಾಲರ್ ಲೆಕ್ಕವೋ ರೂಪಾಯಿ ಲೆಕ್ಕವೋ, ತೆರಿಗೆ ಸೇರಿದೆಯೋ ಇಲ್ಲವೋ, ಎಲ್ಲ ಕೇಳುತ್ತಾರೆ. ಕೊಟೇಶನ್‌ನ ಜೊತೆಗೇ ಒಂದು ಪಿಡಿಎಫ್ ಇರುತ್ತದೆ. ಸಣ್ಣ ಅಕ್ಷರ, ಹತ್ತಾರು ಪುಟ, ವಕೀಲರ ಇಂಗ್ಲಿಷ್. ಅದನ್ನು ಯಾರೂ ತೆರೆಯುವುದಿಲ್ಲ. ಕೊನೆಯ ಪುಟ ಮಾತ್ರ ಪ್ರಿಂಟ್ ಆಗಿ ಪ್ರಿನ್ಸಿಪಾಲರ ಮೇಜಿಗೆ ಹೋಗುತ್ತದೆ. ಸಹಿ ಬೀಳುತ್ತದೆ, ಸೀಲು ಬೀಳುತ್ತದೆ. ಲೈಬ್ರೇರಿಯನ್‌ಗೆ ಬರುವುದು ‘ನಿಮ್ಮ ಆಕ್ಸೆಸ್ ಶುರುವಾಗಿದೆ’ ಎಂಬ ಇಮೇಲ್. ಷರತ್ತು ಏನೆಂದು ಗೊತ್ತಾಗುವುದು ಯಾವುದಾದರೂ ಕೆಲಸಕ್ಕೆ ಅಡ್ಡಿ ಬಂದ ಮೇಲೆ.

ನನ್ನ ಮಾತು ಒಂದೇ. ಆ ಪಿಡಿಎಫ್ ಓದುವುದು ನಮ್ಮ ಕೆಲಸ. ಪರ್ಚೇಸ್ ಸೆಕ್ಷನ್‌ನ ಕೆಲಸ ಅಲ್ಲ, ಏಜೆಂಟರ ಕೆಲಸವಂತೂ ಅಲ್ಲವೇ ಅಲ್ಲ. ಈ ದೇಶದ ಕಾನೂನು ಓದುಗರಿಗೆ ಕೊಟ್ಟದ್ದನ್ನು ನಾವು ಓದದೇ ಹಾಕಿದ ಒಂದು ಸಹಿಯಲ್ಲಿ ಬಿಟ್ಟುಕೊಡಬಾರದು.

ಮೊದಲು, ಹೊರಗಿನಿಂದ ಬರುವ ಓದುಗರ ವಿಷಯ. ನಮ್ಮ ಜಿಲ್ಲೆಗಳಲ್ಲಿ ಇದು ದೊಡ್ಡ ವಿಷಯ. ಕಾಲೇಜು ಲೈಬ್ರರಿಗೆ ವಿದ್ಯಾರ್ಥಿಗಳು, ಅಧ್ಯಾಪಕರು ಮಾತ್ರ ಬರುವುದಲ್ಲ. ನಿವೃತ್ತ ಮೇಷ್ಟ್ರುಗಳು ಬರುತ್ತಾರೆ. ವಕೀಲರು ಬರುತ್ತಾರೆ. ಪಾಡ್ದನ, ಭೂತಾರಾಧನೆ, ಶಾಸನ ಅಂತ ತಮ್ಮಷ್ಟಕ್ಕೆ ಕೆಲಸ ಮಾಡುವವರು ಇಲ್ಲಿ ಎಷ್ಟು ಜನ ಇದ್ದಾರೆ! ಅವರಿಗೆ ಯಾವ ವಿಶ್ವವಿದ್ಯಾಲಯದ ಐಡಿ ಕಾರ್ಡೂ ಇಲ್ಲ.

ಹಾಗೆ ಬರುತ್ತಿದ್ದ ಒಬ್ಬ ಹಿರಿಯರು ನಮ್ಮಲ್ಲಿದ್ದರು. ದೈವಗಳ ಬಗ್ಗೆ ಜರ್ನಲ್ ಒಂದರಲ್ಲಿ ಬಂದಿದ್ದ ಲೇಖನ ಅವರಿಗೆ ಬೇಕಿತ್ತು. ನಮ್ಮ ಚಂದಾ ಚಾಲ್ತಿಯಲ್ಲಿತ್ತು. ಆದರೆ ಕಂಪ್ಯೂಟರ್ ಮುಂದೆ ಕೂತರೆ ಕಾಲೇಜಿನ ಲಾಗಿನ್ ಕೇಳುತ್ತದೆ. ಅವರ ಹತ್ತಿರ ಲಾಗಿನ್ ಇಲ್ಲ. ಕೌಂಟರಿನಲ್ಲಿದ್ದ ನಮ್ಮ ಹುಡುಗ, ‘ಸರ್, ಲೈಸೆನ್ಸ್‌ನಲ್ಲಿ ಹೊರಗಿನವರಿಗೆ ಕೊಡಲಿಕ್ಕಿಲ್ಲ’ ಎಂದ. ಅವನ ತಪ್ಪಲ್ಲ, ಎಲ್ಲರೂ ಹಾಗೆಯೇ ಹೇಳುತ್ತಾ ಬಂದಿದ್ದರು. ನಾನು ಒಪ್ಪಂದ ತೆಗೆದು ನೋಡಿದೆ. ಅಲ್ಲಿ ಬರೆದದ್ದು ಬೇರೆಯೇ. ಲೈಬ್ರರಿಯೊಳಗೆ ಬಂದು ಲೈಬ್ರರಿಯ ಕಂಪ್ಯೂಟರಿನಲ್ಲಿ ಓದುವ ಸಾರ್ವಜನಿಕರಿಗೆ ಅವಕಾಶ ಇದೆ ಎಂದು ಸ್ಪಷ್ಟವಾಗಿ ಇತ್ತು. ಇಂಗ್ಲಿಷ್‌ನಲ್ಲಿ ‘ವಾಕ್-ಇನ್ ಯೂಸರ್’ ಎನ್ನುತ್ತಾರಲ್ಲ, ಅವರು. ಅಡ್ಡಿ ಇದ್ದದ್ದು ಪ್ರಕಾಶಕರಿಂದಲ್ಲ, ನಮ್ಮದೇ ನೆಟ್‌ವರ್ಕಿನಿಂದ. ಐಟಿ ವಿಭಾಗದವರ ಜೊತೆ ಕೂತು, ರೆಫರೆನ್ಸ್ ಕಪಾಟಿನ ಪಕ್ಕದ ಒಂದು ಕಂಪ್ಯೂಟರಿಗೆ ಲಾಗಿನ್ ಬೇಡದ ಹಾಗೆ ಮಾಡಿದೆವು. ರಿಜಿಸ್ಟರಿನಲ್ಲಿ ಹೆಸರು ಬರೆದರೆ ಸಾಕು. ಅವರು ಮಧ್ಯಾಹ್ನದವರೆಗೂ ಕೂತು, ನೋಟ್ಸ್ ಬರೆದುಕೊಂಡು ಹೋದರು.

ನಿಮ್ಮ ನಿಮ್ಮ ಲೈಬ್ರರಿಗೆ ಹೋಗಿ ಇದೊಂದನ್ನು ನೋಡಿ. ಬಹಳಷ್ಟು ಪ್ರಕಾಶಕರ ಒಪ್ಪಂದಗಳಲ್ಲಿ ಈ ಅವಕಾಶ ಇರುತ್ತದೆ. ಕೆಲವರದ್ದರಲ್ಲಿ ಇಲ್ಲ. ಇಲ್ಲದಿದ್ದರೆ ಕೇಳಿ. ಕೇಳಿದರೆ ಸೇರಿಸಿಕೊಡುವ ಷರತ್ತುಗಳ ಪೈಕಿ ಇದೂ ಒಂದು. ಹಳೆ ವಿದ್ಯಾರ್ಥಿಗಳಿಗೆ ಮನೆಯಿಂದ ಓದುವ ಅನುಮತಿ ಸಿಗುವುದು ಕಷ್ಟ, ಅದಕ್ಕೆ ಬೇರೆ ದರ ಕೇಳುತ್ತಾರೆ. ಆದರೆ ಬಾಗಿಲು ದಾಟಿ ಒಳಗೆ ಬಂದವರಿಗೆ ಇಲ್ಲ ಅನ್ನುವ ಹಾಗೆ ಆಗಬಾರದು.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಅದೇ ಹಿರಿಯರಿಗೆ ಆಮೇಲೆ ‘ಇಂಡಿಯನ್ ಆಂಟಿಕ್ವರಿ’ ಎಂಬ ಹಳೆಯ ಜರ್ನಲ್‌ನಲ್ಲಿ 1890ರ ದಶಕದಲ್ಲಿ ಬಂದ, ಬ್ರಿಟಿಷ್ ಅಧಿಕಾರಿಯೂ ವಿದ್ವಾಂಸರೂ ಆಗಿದ್ದ ಬರ್ನೆಲ್ ಅವರ ತುಳುವರ ಭೂತಾರಾಧನೆಯ ಬರಹಗಳು ಬೇಕಾದವು. ಬರ್ನೆಲ್ ತೀರಿಕೊಂಡದ್ದು 1882ರಲ್ಲಿ. ಆ ಬರಹಗಳ ಮೇಲೆ ಈಗ ಯಾರ ಹಕ್ಕೂ ಇಲ್ಲ. ನಮ್ಮ ಕಾಯ್ದೆಯಲ್ಲಿ ಲೇಖಕರು ತೀರಿಕೊಂಡು 60 ವರ್ಷ ಕಳೆದರೆ ಕೃತಿ ಎಲ್ಲರದ್ದೂ ಆಗುತ್ತದೆ. 1963ರಲ್ಲಿ ತೀರಿಕೊಂಡ ನಮ್ಮ ಮಂಜೇಶ್ವರದ ಗೋವಿಂದ ಪೈಗಳು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಬರಹಗಳು 2024ರ ಜನವರಿ 1ರಿಂದ ಹಾಗೆ ಮುಕ್ತವಾಗಿವೆ. ಆದರೂ ಇಂಥ ಹಳೆಯ ಬರಹಗಳನ್ನು ಸ್ಕ್ಯಾನ್ ಮಾಡಿ ಡೇಟಾಬೇಸ್‌ಗೆ ಸೇರಿಸಿ, ‘ಇದರ ಪ್ರತಿ ಹಂಚುವಂತಿಲ್ಲ’ ಎಂದು ಒಪ್ಪಂದದಲ್ಲಿ ಬರೆದು ಮಾರುವವರಿದ್ದಾರೆ. ಕಾನೂನಿನ ಪ್ರಕಾರ ಮುಕ್ತ, ಒಪ್ಪಂದದ ಪ್ರಕಾರ ಬಂದ್. ಇದಕ್ಕೆ ಉಲ್ಟಾ ನಡೆದುಕೊಂಡವರೂ ಇದ್ದಾರೆ. ಜರ್ನಲ್‌ಗಳ ಡಿಜಿಟಲ್ ಸಂಗ್ರಹವಾದ ಜೆಸ್ಟೋರ್ 2011ರಲ್ಲಿ ತನ್ನ ಹಳೆಯ ಜರ್ನಲ್ ಲೇಖನಗಳ ಒಂದು ದೊಡ್ಡ ಭಾಗವನ್ನು ಜಗತ್ತಿನ ಯಾರು ಬೇಕಾದರೂ ಓದುವಂತೆ ತೆರೆದಿಟ್ಟಿತು. ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯ ಬಾಸೆಲ್ ಮಿಶನ್ ಕಾಲದ ಕನ್ನಡ, ತುಳು, ಮಲಯಾಳ ಪುಸ್ತಕಗಳನ್ನು ಗುಂಡರ್ಟ್ ಪೋರ್ಟಲ್‌ನಲ್ಲಿ ಉಚಿತವಾಗಿ ಹಾಕಿದೆ. ನಮ್ಮ ಮಂಗಳೂರಿನಲ್ಲೇ ಅಚ್ಚಾದ ಪುಸ್ತಕಗಳು ಅಲ್ಲಿವೆ. ದುಡ್ಡು ಕೊಟ್ಟು ಡೇಟಾಬೇಸ್ ತೆಗೆದುಕೊಳ್ಳುವ ಮೊದಲು ಅದೇ ಸಾಮಗ್ರಿ ಎಲ್ಲಿ ಪುಕ್ಕಟೆ ಸಿಗುತ್ತದೆ ಎಂದು ನೋಡುವುದು ನಮ್ಮ ಜವಾಬ್ದಾರಿ.

ಈಗ ಚಂದಾ ನಿಲ್ಲಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ. ಅಚ್ಚಿನ ಕಾಲದಲ್ಲಿ ಒಂದು ಜರ್ನಲ್ ಹತ್ತು ವರ್ಷ ತರಿಸಿ ಆಮೇಲೆ ನಿಲ್ಲಿಸಿದರೆ, ಹತ್ತು ಬೈಂಡ್ ಮಾಡಿದ ಸಂಪುಟಗಳು ಕಪಾಟಿನಲ್ಲಿ ಉಳಿಯುತ್ತಿದ್ದವು. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ನೋಡಿಕೊಂಡರೆ ಆಯಿತು. ಇ-ಜರ್ನಲ್ ಹಾಗಲ್ಲ. ಒಪ್ಪಂದದಲ್ಲಿ ‘ಶಾಶ್ವತ ಆಕ್ಸೆಸ್’ ಎಂಬ ಮಾತು ಇಲ್ಲದಿದ್ದರೆ, ಚಂದಾ ಮುಗಿದ ಮರುದಿನ ಹತ್ತು ವರ್ಷದ್ದೂ ಹೋಯಿತು. ಬಾಡಿಗೆ ಮನೆ ಖಾಲಿ ಮಾಡಿದ ಹಾಗೆ, ಎಷ್ಟು ವರ್ಷ ಬಾಡಿಗೆ ಕಟ್ಟಿದ್ದರೂ ಒಂದು ಇಟ್ಟಿಗೆ ನಮ್ಮದಲ್ಲ.

ಇ-ಬುಕ್ ವಿಷಯದಲ್ಲಂತೂ ಚಂದಾ ಕಟ್ಟುತ್ತಿರುವಾಗಲೇ ಪುಸ್ತಕ ಮಾಯ ಆಗಬಹುದು. 2022ರಲ್ಲಿ ವೈಲಿ ಪ್ರಕಾಶನ ಪ್ರೋಕ್ವೆಸ್ಟ್‌ನ ಇ-ಬುಕ್ ಸಂಗ್ರಹದಿಂದ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ತೆಗೆದುಬಿಟ್ಟಿತು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುರುವಾಗುವ ಹೊತ್ತು. ಪಠ್ಯಪುಸ್ತಕ ಎಂದು ಪಟ್ಟಿಯಲ್ಲಿ ಹಾಕಿದ್ದ ಪುಸ್ತಕಗಳೇ ಇಲ್ಲ! ಗಲಾಟೆ ಆದ ಮೇಲೆ ಕೆಲವು ಕಾಲದ ಮಟ್ಟಿಗೆ ವಾಪಸ್ ಹಾಕಿದರು. 2025ರ ಫೆಬ್ರವರಿಯಲ್ಲಿ, ಪ್ರೋಕ್ವೆಸ್ಟ್‌ನ ಒಡೆತನ ಹೊಂದಿರುವ ಕ್ಲಾರಿವೇಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಲೈಬ್ರರಿಗಳು ಒಮ್ಮೆ ದುಡ್ಡು ಕೊಟ್ಟು ಶಾಶ್ವತವಾಗಿ ಇ-ಬುಕ್ ಕೊಳ್ಳುವ ಪದ್ಧತಿಯನ್ನೇ ನಿಲ್ಲಿಸುತ್ತೇವೆ, ಇನ್ನು ಚಂದಾ ಮಾತ್ರ ಎಂದಿತು. ಲೈಬ್ರರಿಗಳು ಪ್ರತಿಭಟಿಸಿದ ಮೇಲೆ ಗಡುವು ಮುಂದೆ ಹಾಕಿದರೇ ಹೊರತು ನಿರ್ಧಾರ ಬದಲಿಸಲಿಲ್ಲ.

ಹಾಗಾಗಿ ಒಪ್ಪಂದದಲ್ಲಿ ನೋಡಬೇಕಾದ ಪ್ರಶ್ನೆಗಳು ಇವು. ಚಂದಾ ಕಟ್ಟಿದ ವರ್ಷಗಳ ಸಂಚಿಕೆಗಳು ಆಮೇಲೂ ನಮಗೆ ಸಿಗುತ್ತವೆಯೇ? ಎಲ್ಲಿಂದ ಸಿಗುತ್ತವೆ, ಅದಕ್ಕೆ ಬೇರೆ ಶುಲ್ಕ ಇದೆಯೇ? ಪ್ರಕಾಶಕರು ಪೋರ್ಟಿಕೊ ಅಥವಾ ಕ್ಲಾಕ್ಸ್‌ನಂಥ ಸಂರಕ್ಷಣಾ ಸಂಸ್ಥೆಯಲ್ಲಿ ಪ್ರತಿ ಇಟ್ಟಿದ್ದಾರೆಯೇ? ಮಧ್ಯದಲ್ಲಿ ಪುಸ್ತಕ ತೆಗೆದರೆ ಎಷ್ಟು ದಿನ ಮೊದಲು ಹೇಳಬೇಕು, ಹಣ ವಾಪಸ್ ಕೊಡುತ್ತಾರೆಯೇ? ಉತ್ತರ ಕೊಟೇಶನ್‌ನಲ್ಲಿ ಇರುವುದಿಲ್ಲ. ಆ ಪಿಡಿಎಫ್‌ನಲ್ಲಿ ಇರುತ್ತದೆ.

ಎಲ್ಲಿ ಕೂತು ಓದಬಹುದು ಎಂಬುದು ನಮ್ಮ ಕರಾವಳಿಯವರಿಗೆ ಮುಖ್ಯ. ಕೆಲವು ಒಪ್ಪಂದಗಳು ಕ್ಯಾಂಪಸ್ಸಿನ ಐಪಿ ವಿಳಾಸಕ್ಕೆ, ಅಂದರೆ ಕ್ಯಾಂಪಸ್ಸಿನ ನೆಟ್‌ವರ್ಕಿನಲ್ಲಿರುವ ಕಂಪ್ಯೂಟರುಗಳಿಗೆ ಮಾತ್ರ ಅನುಮತಿ ಕೊಡುತ್ತವೆ. ಜುಲೈ ತಿಂಗಳಲ್ಲಿ ರೆಡ್ ಅಲರ್ಟ್ ಬಂದು ಜಿಲ್ಲಾಧಿಕಾರಿಗಳು ರಜೆ ಕೊಟ್ಟರೆ, ಬೆಳ್ತಂಗಡಿಯ ಹುಡುಗಿ ಮನೆಯಲ್ಲಿ ಕೂತು ಏನು ಮಾಡಬೇಕು? ನಾವು ಅವಳ ಹೆಸರಲ್ಲೇ ಚಂದಾ ಕಟ್ಟಿದ್ದೇವೆ. ಕಾಲೇಜುಗಳಿಗೆ ಇ-ಜರ್ನಲ್, ಇ-ಬುಕ್ ಒದಗಿಸುವ ಎನ್-ಲಿಸ್ಟ್ ಯೋಜನೆಯಲ್ಲಿ ಪ್ರತಿಯೊಬ್ಬರಿಗೂ ಪ್ರತ್ಯೇಕ ಲಾಗಿನ್ ಇರುವುದರಿಂದ ಈ ತೊಂದರೆ ಇಲ್ಲ. ಉಳಿದ ಕಡೆ ‘ರಿಮೋಟ್ ಆಕ್ಸೆಸ್’ ಎಂಬ ಎರಡು ಪದ ಒಪ್ಪಂದದಲ್ಲಿ ಇದೆಯೋ ಇಲ್ಲವೋ ನೋಡಿಕೊಳ್ಳಬೇಕು. ಅದೇ ಆಡಳಿತ ಮಂಡಳಿಯ ಕಾಲೇಜು ಮಂಗಳೂರಿನಲ್ಲೊಂದು, ಉಡುಪಿಯಲ್ಲೊಂದು ಇದ್ದರೆ ‘ಸೈಟ್’ ಎಂಬುದಕ್ಕೆ ಒಪ್ಪಂದದಲ್ಲಿ ಏನು ಅರ್ಥ ಕೊಟ್ಟಿದ್ದಾರೆ ಎಂದೂ ನೋಡಬೇಕು.

ಇನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳುವುದು. ಕೊಣಾಜೆಯಲ್ಲಿ ಮಂಗಳೂರು ವಿಶ್ವವಿದ್ಯಾಲಯ, ಸುರತ್ಕಲ್‌ನಲ್ಲಿ ಎನ್‌ಐಟಿಕೆ, ಇಲ್ಲಿ ಹತ್ತಿರದಲ್ಲೇ ಮಣಿಪಾಲ. ಮಧ್ಯದಲ್ಲಿ ಮೀನುಗಾರಿಕೆ ಕಾಲೇಜು, ಬಲ್ಮಠದ ಥಿಯೋಲಾಜಿಕಲ್ ಕಾಲೇಜು, ಲೆಕ್ಕವಿಲ್ಲದಷ್ಟು ಮೆಡಿಕಲ್, ಇಂಜಿನಿಯರಿಂಗ್, ಪದವಿ ಕಾಲೇಜುಗಳು. ಒಂದು ಎಕ್ಸ್‌ಪ್ರೆಸ್ ಬಸ್ಸಿನ ದಾರಿಯಲ್ಲಿ ಇಷ್ಟು ಲೈಬ್ರರಿಗಳು ಸಿಗುವ ಊರು ಎಲ್ಲಿದೆ ಹೇಳಿ. ಮೊದಲೆಲ್ಲ ನಾವು ಫೋನ್ ಮಾಡಿ, ‘ಆ ಲೇಖನ ಒಂದು ಜೆರಾಕ್ಸ್ ಮಾಡಿ ಕಳಿಸಿ ಮಾರಾಯ್ರೆ’ ಎಂದರೆ ಮರುದಿನ ಬಸ್ಸಿನಲ್ಲಿ ಬರುತ್ತಿತ್ತು. ಈಗ ಅದೇ ಲೇಖನ ಪಿಡಿಎಫ್ ಆಗಿ ಆ ಲೈಬ್ರರಿಯ ಪರದೆಯ ಮೇಲಿದೆ. ಒಂದು ಕ್ಲಿಕ್‌ನ ಕೆಲಸ. ಆದರೆ ಕಳಿಸುವಂತಿಲ್ಲ!

ಹಲವು ಒಪ್ಪಂದಗಳಲ್ಲಿ ಅಂತರಗ್ರಂಥಾಲಯ ಎರವಲು ಪೂರ್ತಿ ನಿಷೇಧ. ಕೆಲವರದ್ದರಲ್ಲಿ ಅನುಮತಿ ಇದೆ, ಆದರೆ ಪ್ರಿಂಟ್ ತೆಗೆದು ಅಂಚೆಯಲ್ಲೋ ಫ್ಯಾಕ್ಸ್‌ನಲ್ಲೋ ಕಳಿಸಬೇಕು. ಫ್ಯಾಕ್ಸ್ ಮಶಿನ್ ಈಗ ಯಾರ ಹತ್ತಿರ ಇದೆ? ಇನ್ನು ಕೆಲವು ಒಪ್ಪಂದಗಳು ಅಮೆರಿಕದ ಹಕ್ಕುಸ್ವಾಮ್ಯ ಕಾಯ್ದೆಯ 108ನೇ ಕಲಂ ಪ್ರಕಾರ ಮಾತ್ರ ಎರವಲು ಕೊಡಬೇಕು ಎನ್ನುತ್ತವೆ. ಉಡುಪಿಯ ಲೈಬ್ರರಿ ಮಂಗಳೂರಿನ ಲೈಬ್ರರಿಗೆ ಒಂದು ಲೇಖನ ಕಳಿಸಲಿಕ್ಕೆ ಅಮೆರಿಕದ ಕಲಂ ಯಾಕೆ? ಅದನ್ನು ಹೊಡೆದುಹಾಕಿ, ‘ಭಾರತದ ಕಾನೂನಿನ ಪ್ರಕಾರ’ ಎಂದು ಬರೆಸಿ. ‘ಎಲೆಕ್ಟ್ರಾನಿಕ್ ರೂಪದಲ್ಲಿ ಕಳಿಸಬಹುದು’ ಎಂಬ ಮಾತು ಸೇರಿಸಿ. ಈ ಒಂದು ತಿದ್ದುಪಡಿ ನಮ್ಮ ಎರಡು ಜಿಲ್ಲೆಗಳ ಎಲ್ಲ ಲೈಬ್ರರಿಗಳ ಒಪ್ಪಂದದಲ್ಲಿ ಬಂದರೆ, ಯಾವ ಕಾಲೇಜೂ ಎಲ್ಲವನ್ನೂ ತರಿಸಬೇಕಾಗಿಲ್ಲ. ನನಗೆ ಈ ವಿಷಯದಲ್ಲಿ ಬಹಳ ಆಸೆ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಕಾನೂನು ಕಾನೂನು ಎನ್ನುತ್ತಿದ್ದೇನೆ, ಅದು ಏನು ಕೊಟ್ಟಿದೆ ಎಂದು ಹೇಳಬೇಕಲ್ಲ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ನಮಗೆಲ್ಲ ಬಾಯಿಗೆ ಬರಬೇಕು. ಖಾಸಗಿ ಓದಿಗೆ, ಸಂಶೋಧನೆಗೆ ನ್ಯಾಯವಾದ ಮಿತಿಯಲ್ಲಿ ಬಳಸಿದರೆ ಅದು ಉಲ್ಲಂಘನೆ ಅಲ್ಲ. ಪಾಠ ಮಾಡುವ ಸಂದರ್ಭದಲ್ಲಿ ಅಧ್ಯಾಪಕರೋ ವಿದ್ಯಾರ್ಥಿಯೋ ಪ್ರತಿ ಮಾಡಿಕೊಂಡರೆ ಅದೂ ಅಲ್ಲ. ಲೈಬ್ರರಿಗಳಿಗೆಂದೇ ಬೇರೆ ಉಪವಿಧಿಗಳಿವೆ. ಈ ಕಲಂಗೆ ಎಷ್ಟು ಬಲ ಇದೆ ಎಂದು ತೋರಿಸಿದ್ದು ದೆಹಲಿಯ ಒಂದು ಜೆರಾಕ್ಸ್ ಅಂಗಡಿಯ ಕೇಸು. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್ ಆವರಣದಲ್ಲಿದ್ದ ರಾಮೇಶ್ವರಿ ಫೋಟೋಕಾಪಿ ಸರ್ವಿಸಸ್ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್, ಟೇಲರ್ ಅಂಡ್ ಫ್ರಾನ್ಸಿಸ್ ಮೂರೂ ಸೇರಿ ದಾವೆ ಹಾಕಿದವು. ಬೇರೆ ಬೇರೆ ಪುಸ್ತಕಗಳ ಅಧ್ಯಾಯಗಳನ್ನು ಜೆರಾಕ್ಸ್ ಮಾಡಿ ಕಟ್ಟು ಕಟ್ಟಿ ವಿದ್ಯಾರ್ಥಿಗಳಿಗೆ ಕೊಡುತ್ತಾರೆ ಎಂಬುದು ದೂರು. 2016ರ ಸೆಪ್ಟೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ದಾವೆಯನ್ನು ವಜಾ ಮಾಡಿತು. ಡಿಸೆಂಬರ್‌ನಲ್ಲಿ ವಿಭಾಗೀಯ ಪೀಠ ಕೆಲವು ಅಂಶಗಳ ವಿಚಾರಣೆ ಆಗಲಿ ಎಂದರೂ, ಬೋಧನೆಗೆ ಬೇಕಾದಷ್ಟು ಪ್ರತಿ ಮಾಡಬಹುದು ಎಂಬ ಮೂಲ ತತ್ವವನ್ನು ಒಪ್ಪಿತು. 2017ರಲ್ಲಿ ಪ್ರಕಾಶಕರು ಕೇಸು ವಾಪಸ್ ಪಡೆದರು.

ಆದರೆ ಗಮನಿಸಿ. ಅದು ಅಚ್ಚಿನ ಪುಸ್ತಕದ ಕೇಸು. ವಿಶ್ವವಿದ್ಯಾಲಯ ದುಡ್ಡು ಕೊಟ್ಟು ಕೊಂಡ ಪುಸ್ತಕ, ನಡುವೆ ಯಾವ ಒಪ್ಪಂದವೂ ಇಲ್ಲ. ಅದೇ ಅಧ್ಯಾಯ ಇ-ಬುಕ್ಕಿನಲ್ಲಿದ್ದರೆ? ‘ಕೋರ್ಸ್ ಪ್ಯಾಕ್ (ಅಂದರೆ ಇಂಥ ಅಧ್ಯಾಯಗಳ ಕಟ್ಟು) ಮಾಡುವಂತಿಲ್ಲ’ ಎಂದು ಒಪ್ಪಂದದಲ್ಲಿ ಬರೆದಿದ್ದು, ನಮ್ಮ ಪ್ರಿನ್ಸಿಪಾಲರು ಸಹಿ ಹಾಕಿದ್ದರೆ? ಕಾಗದದ ಮೇಲೆ ಕಾನೂನು ಕೊಟ್ಟ ಹಕ್ಕು ಪರದೆಯ ಮೇಲೆ ಕೈ ತಪ್ಪಿತು. ಬ್ರಿಟನ್‌ನಲ್ಲಿ 2014ರಿಂದ ಇಂಥ ಹಲವು ವಿನಾಯಿತಿಗಳ ವಿಷಯದಲ್ಲಿ, ಒಪ್ಪಂದದಲ್ಲಿ ಏನೇ ಬರೆದರೂ ಅದು ನಡೆಯುವುದಿಲ್ಲ ಎಂದು ಕಾನೂನೇ ಹೇಳುತ್ತದೆ. ಯುರೋಪಿಯನ್ ಒಕ್ಕೂಟದ 2019ರ ನಿರ್ದೇಶನ, ಸಿಂಗಾಪುರದ 2021ರ ಕಾಯ್ದೆಯಲ್ಲೂ ಕೆಲವು ಬಳಕೆಗಳಿಗೆ ಅಂಥ ರಕ್ಷಣೆ ಇದೆ. ನಮ್ಮ 52ನೇ ಕಲಂನಲ್ಲಿ ಆ ಒಂದು ಸಾಲು ಇಲ್ಲ. ಅದನ್ನು ಸೇರಿಸಬೇಕು ಎಂದು ಗ್ರಂಥಪಾಲಕರ ಸಂಘಗಳು ಗಟ್ಟಿಯಾಗಿ ಕೇಳಬೇಕು ಎಂಬುದು ನನ್ನ ಅಭಿಪ್ರಾಯ. ಅಲ್ಲಿಯವರೆಗೆ ಕಾಯಬೇಕಾಗಿಲ್ಲ. ಆ ಸಾಲನ್ನು ನಾವೇ ನಮ್ಮ ಒಪ್ಪಂದದಲ್ಲಿ ಬರೆಸಬಹುದು: ‘ಭಾರತದ ಹಕ್ಕುಸ್ವಾಮ್ಯ ಕಾಯ್ದೆ ಗ್ರಂಥಾಲಯಕ್ಕೂ ಅದರ ಓದುಗರಿಗೂ ಕೊಟ್ಟಿರುವ ಯಾವ ಹಕ್ಕನ್ನೂ ಈ ಒಪ್ಪಂದ ಕಡಿಮೆ ಮಾಡುವುದಿಲ್ಲ.’ ಇಷ್ಟೇ. ಇಂಥ ಸಾಲು ಹೊಸದೇನಲ್ಲ. ಅಮೆರಿಕದ ಗ್ರಂಥಾಲಯಗಳು ಬಳಸುವ ಲಿಬ್‌ಲೈಸೆನ್ಸ್ ಎಂಬ ಮಾದರಿ ಒಪ್ಪಂದದಲ್ಲೂ ಅಲ್ಲಿನ ಕಾನೂನಿಗೆ ಹೊಂದುವ ಹೀಗೇ ಒಂದು ಸಾಲು ಇದೆ. ಕೇಳಿದರೆ ಪ್ರಕಾಶಕರಿಗೆ ಆಶ್ಚರ್ಯ ಆಗುವುದಿಲ್ಲ.

ಈ ಒಂದು ಸಾಲು ಇಲ್ಲದಿದ್ದರೆ ಯಾರಿಗೆ ತೊಂದರೆ ಎಂದು ಹೇಳುತ್ತೇನೆ. ನಮ್ಮಲ್ಲಿ ಕಣ್ಣು ಕಾಣದ ಒಬ್ಬ ಎಂ.ಎ. ವಿದ್ಯಾರ್ಥಿ ಇದ್ದ. ಲ್ಯಾಪ್‌ಟಾಪ್‌ನಲ್ಲಿ ಎನ್‌ವಿಡಿಎ ಸ್ಕ್ರೀನ್ ರೀಡರ್ ಹಾಕಿಕೊಂಡು, ನಾವು ಕೇಳಿದರೆ ಒಂದು ಪದವೂ ಹಿಡಿಯಲಾರದಷ್ಟು ವೇಗದಲ್ಲಿ ಓದಿಸಿಕೊಳ್ಳುತ್ತಿದ್ದ. ಲೈಬ್ರರಿಯ ಒಂದು ಇ-ಬುಕ್ ತೆರೆದ. ಶೀರ್ಷಿಕೆ ಓದಿತು, ಪುಟದ ಸಂಖ್ಯೆ ಓದಿತು, ಆಮೇಲೆ ಸದ್ದಿಲ್ಲ. ಪ್ರತಿ ಪುಟವೂ ಬರೀ ಚಿತ್ರ. ಅಕ್ಷರ ಆಯ್ಕೆ ಮಾಡಲಿಕ್ಕೆ ಬರುವುದಿಲ್ಲ, ಕಾಪಿ ಮಾಡಲಿಕ್ಕೆ ಬರುವುದಿಲ್ಲ. ದಿನಕ್ಕೆ ಇಂತಿಷ್ಟೇ ಪುಟ ಪ್ರಿಂಟ್ ಎಂಬ ಬೀಗ ಬೇರೆ. ಪ್ರಕಾಶಕರಿಗೆ ಬರೆದರೆ, ರೂಪ ಬದಲಿಸುವುದು ಒಪ್ಪಂದಕ್ಕೆ ವಿರುದ್ಧ ಎಂಬ ಉತ್ತರ. ಆದರೆ 2012ರ ತಿದ್ದುಪಡಿಯಿಂದ ನಮ್ಮ ಕಾಯ್ದೆಯಲ್ಲಿ, ಅಂಗವಿಕಲರಿಗೆ ಓದಲು ಆಗುವ ರೂಪಕ್ಕೆ ಕೃತಿಯನ್ನು ಬದಲಿಸಿಕೊಡುವುದು ಉಲ್ಲಂಘನೆ ಅಲ್ಲ. ಕಣ್ಣು ಕಾಣದವರ ಓದಿನ ಹಕ್ಕಿಗಾಗಿ ಆದ ಮರಾಕೆಶ್ ಅಂತರರಾಷ್ಟ್ರೀಯ ಒಪ್ಪಂದವನ್ನು ಜಗತ್ತಿನಲ್ಲೇ ಮೊದಲು ಅಂಗೀಕರಿಸಿದ ದೇಶ ಭಾರತ, 2014ರಲ್ಲಿ. ಇದೆಲ್ಲವನ್ನೂ ಬರೆದು, ಕಲಂ ನಂಬರ್ ಸಮೇತ ಇನ್ನೊಂದು ಪತ್ರ ಹಾಕಿದೆವು. ಪುಸ್ತಕದ ಟೆಕ್ಸ್ಟ್ ಫೈಲ್ ಬಂತು. ಆದರೆ ಅಷ್ಟರಲ್ಲಿ ಅವನ ಇಂಟರ್ನಲ್ ಪರೀಕ್ಷೆ ಮುಗಿದಿತ್ತು. ಸಹಿ ಹಾಕುವಾಗಲೇ ಆ ಸಾಲು ಇದ್ದಿದ್ದರೆ ಆ ಹುಡುಗ ಕಾಯಬೇಕಾಗಿರಲಿಲ್ಲ. ನನಗೆ ಈ ವಿಷಯದಲ್ಲಿ ಇಷ್ಟು ಸಿಟ್ಟು ಇರುವುದು ಅದಕ್ಕೇ.

ಪ್ರಕಾಶಕರ ಭಯವೂ ಸುಳ್ಳಲ್ಲ. ಹಾಸ್ಟೆಲ್‌ನಲ್ಲಿ ಯಾರೋ ಡೌನ್‌ಲೋಡ್ ಸಾಫ್ಟ್‌ವೇರ್ ಹಾಕಿ ರಾತ್ರಿಯಿಡೀ ಜರ್ನಲ್ ಇಳಿಸಿದರೆ ಅವರು ಸುಮ್ನೆ ಇರಲಾರರು. ಆದರೆ ಒಬ್ಬನಿಗಾಗಿ ಇಡೀ ಕ್ಯಾಂಪಸ್ಸನ್ನೇ ಬಂದ್ ಮಾಡುತ್ತಾರೆ. ಬೆಳಿಗ್ಗೆ ಲೈಬ್ರರಿ ತೆರೆದರೆ ಪಿಎಚ್‌ಡಿ ಮಕ್ಕಳೆಲ್ಲ ಕೌಂಟರ್ ಮುಂದೆ. ‘ಆ ಒಂದು ಐಪಿ ಮಾತ್ರ ತಡೆಯಿರಿ, ನಮಗೆ ತಿಳಿಸಿ, ಸರಿಪಡಿಸಲು ಸಮಯ ಕೊಡಿ’ ಎಂದು ಒಪ್ಪಂದದಲ್ಲಿ ಬರೆಸಬಹುದು. ನಮ್ಮ ಕಡೆಯಿಂದ ವಿದ್ಯಾರ್ಥಿಗಳಿಗೆ ಹೇಳಿಕೊಡುವುದು ನಮ್ಮ ಕೆಲಸ. ಆದರೆ ಅವರು ಮಾಡಿದ ಪ್ರತಿ ತಪ್ಪಿಗೂ ಕಾಲೇಜು ದಂಡ ತೆರಬೇಕು ಎಂಬ ಷರತ್ತು ಇದ್ದರೆ ಅದಕ್ಕೆ ಸಹಿ ಹಾಕಲೇಬೇಡಿ.

ಎಐ ಬಗ್ಗೆ ಸ್ವಲ್ಪ. ಈಚೆಗೆ ಬರುವ ಒಪ್ಪಂದಗಳಲ್ಲಿ, ಲೇಖನಗಳನ್ನು ಯಾವ ಎಐ ಉಪಕರಣದಲ್ಲೂ ಬಳಸಬಾರದು ಎಂಬ ಷರತ್ತು ಜಾಸ್ತಿ ಕಾಣುತ್ತಿದೆ. ಸಾವಿರಾರು ಲೇಖನಗಳನ್ನು ಕಂಪ್ಯೂಟರಿನಿಂದ ಜಾಲಾಡಿಸಿ ಸಂಶೋಧನೆ ಮಾಡುವವರಿಗೆ ಇದು ನೇರ ಹೊಡೆತ. ಇನ್ನೊಂದು ಕಡೆ, ಟೇಲರ್ ಅಂಡ್ ಫ್ರಾನ್ಸಿಸ್‌ನ ಒಡೆಯ ಕಂಪನಿ ಇನ್‌ಫಾರ್ಮಾ 2024ರಲ್ಲಿ ತನ್ನ ಸಾಮಗ್ರಿಯನ್ನು ಎಐಗೆ ಬಳಸಲು ಮೈಕ್ರೋಸಾಫ್ಟ್ ಜೊತೆ ಒಪ್ಪಂದ ಮಾಡಿಕೊಂಡಿತು. ಲೇಖನ ಬರೆದವರು, ಪರಿಶೀಲಿಸಿದವರು ನಮ್ಮಂಥ ಸಂಸ್ಥೆಗಳ ಅಧ್ಯಾಪಕರು. ಅವರಿಗೇ ಅನುಮತಿ ಇಲ್ಲ ಅಂದರೆ ನಾನು ಒಪ್ಪುವುದಿಲ್ಲ.

ಬೆಲೆ ಗುಟ್ಟಾಗಿಡಬೇಕು ಎಂಬ ಷರತ್ತು ನೀವೆಲ್ಲ ನೋಡಿರುತ್ತೀರಿ. ಪಕ್ಕದ ಕಾಲೇಜು ಅದೇ ಡೇಟಾಬೇಸ್‌ಗೆ ಎಷ್ಟು ಕೊಟ್ಟಿತು ಎಂದು ನಮಗೆ ಗೊತ್ತಾಗಬಾರದು ಎಂಬುದೇ ಅದರ ಉದ್ದೇಶ. ಇದನ್ನು ಒಪ್ಪಲೇಬೇಕು ಎಂದೇನಿಲ್ಲ. 2009ರಲ್ಲಿ ವಾಷಿಂಗ್ಟನ್ ಸ್ಟೇಟ್ ಯೂನಿವರ್ಸಿಟಿಯ ಒಪ್ಪಂದ ಬಹಿರಂಗವಾಗದಂತೆ ತಡೆಯಲು ಎಲ್ಸೆವಿಯರ್ ಕೋರ್ಟಿಗೆ ಹೋಯಿತು, ಸೋತಿತು. 2011ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಲೈಬ್ರರಿ, ಗುಟ್ಟಿನ ಷರತ್ತು ಇರುವ ಒಪ್ಪಂದಕ್ಕೆ ನಾವು ಇನ್ನು ಸಹಿ ಹಾಕುವುದಿಲ್ಲ ಎಂದು ಬಹಿರಂಗವಾಗಿ ಹೇಳಿತು. ನಮ್ಮ ಸರ್ಕಾರಿ ಸಂಸ್ಥೆಗಳು 2005ರ ಮಾಹಿತಿ ಹಕ್ಕು ಕಾಯ್ದೆಯ ಕೆಳಗೆ ಬರುತ್ತವೆ. ವ್ಯಾಪಾರದ ಗುಟ್ಟಿಗೆ ಆ ಕಾಯ್ದೆ ರಕ್ಷಣೆ ಕೊಟ್ಟರೂ, ಸಾರ್ವಜನಿಕ ಹಿತ ದೊಡ್ಡದು ಅನ್ನಿಸಿದರೆ ಕೊಡಬೇಕು ಎಂದೂ ಹೇಳುತ್ತದೆ. ‘ಕಾನೂನು ಕೇಳಿದರೆ ಹೇಳುತ್ತೇವೆ’ ಎಂಬ ಮಾತನ್ನಾದರೂ ಸೇರಿಸಿ.

‘ಒಂದು ರಾಷ್ಟ್ರ ಒಂದು ಚಂದಾ’ ಬಂತಲ್ಲ, ಇನ್ನು ಇದೆಲ್ಲ ಯಾಕೆ ಎಂದು ಕೇಳುವವರಿದ್ದಾರೆ. ಕೇಂದ್ರ ಸರ್ಕಾರವೇ ದೇಶದ ಸಂಸ್ಥೆಗಳಿಗೆ ಒಟ್ಟಾಗಿ ಜರ್ನಲ್ ಚಂದಾ ಕಟ್ಟುವ ಈ ಯೋಜನೆಗೆ 2024ರ ನವೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿತು. 3 ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಎಂಬ ಗ್ರಂಥಾಲಯ ಜಾಲ ಕೇಂದ್ರ ಇದನ್ನು ನೋಡಿಕೊಳ್ಳುತ್ತದೆ. ಒಳ್ಳೆಯ ಹೆಜ್ಜೆ. ಒಬ್ಬೊಬ್ಬರೇ ಮಾತಾಡುವುದಕ್ಕಿಂತ ಇಡೀ ದೇಶ ಒಟ್ಟಿಗೆ ಕೂತು ಮಾತಾಡಿದರೆ ಪ್ರಕಾಶಕರು ಕೇಳಲೇಬೇಕು. ಆದರೆ ಮೊದಲ ಹಂತದಲ್ಲಿ ಇದು ಸರ್ಕಾರಿ ಸಂಸ್ಥೆಗಳಿಗೆ. ನಮ್ಮ ಕರಾವಳಿಯಲ್ಲಿ ಖಾಸಗಿ ಕಾಲೇಜುಗಳೇ ಹೆಚ್ಚು. ಅವರ ಒಪ್ಪಂದಕ್ಕೆ ಅವರೇ ಸಹಿ ಹಾಕಬೇಕು. ಸರ್ಕಾರಿ ಕಾಲೇಜುಗಳಿಗೂ ಇ-ಬುಕ್, ಪ್ಲಾಗಿಯರಿಸಂ ಸಾಫ್ಟ್‌ವೇರ್, ಕಾನೂನಿನ ಡೇಟಾಬೇಸ್ ಎಂದು ಬೇರೆ ಒಪ್ಪಂದಗಳು ಇದ್ದೇ ಇರುತ್ತವೆ.

ಮಾತಿನ ನಂತರ ಕೆಲವು ಪ್ರಶ್ನೆಗಳು ಬಂದವು. ಎರಡನ್ನು ಇಲ್ಲಿ ಕೊಡುತ್ತೇನೆ.

ಒಬ್ಬ ಅಧ್ಯಾಪಕರು ಕೇಳಿದರು: ‘ಮೇಡಂ, ಬೇಕಾದ ಲೇಖನ ಸೈ-ಹಬ್‌ನಲ್ಲಿ ಸಿಗುತ್ತದಲ್ಲ, ಇಷ್ಟೆಲ್ಲ ಗುದ್ದಾಟ ಯಾಕೆ?’

ಸೈ-ಹಬ್ ಅಂದರೆ ಪ್ರಕಾಶಕರ ಅನುಮತಿ ಇಲ್ಲದೆ ಲೇಖನಗಳನ್ನು ಪುಕ್ಕಟೆ ಕೊಡುವ ಜಾಲತಾಣ. ಎಲ್ಸೆವಿಯರ್, ವೈಲಿ, ಅಮೆರಿಕನ್ ಕೆಮಿಕಲ್ ಸೊಸೈಟಿ 2020ರ ಡಿಸೆಂಬರ್‌ನಲ್ಲಿ ದೆಹಲಿ ಹೈಕೋರ್ಟಿನಲ್ಲಿ ಸೈ-ಹಬ್ ಮೇಲೆ ದಾವೆ ಹಾಕಿದವು. 2025ರ ಆಗಸ್ಟ್‌ನಲ್ಲಿ ಅದನ್ನು ಬ್ಲಾಕ್ ಮಾಡಲು ಕೋರ್ಟ್ ಹೇಳಿತು. ಜನ ಅಲ್ಲಿಗೆ ಯಾಕೆ ಹೋಗುತ್ತಾರೆ ಎಂದು ನನಗೆ ಅರ್ಥವಾಗುತ್ತದೆ ಸರ್. ಆದರೆ ಲೈಬ್ರೇರಿಯನ್ ಆಗಿ ನಾನು ಆ ದಾರಿ ತೋರಿಸಲಾರೆ, ತೋರಿಸಬೇಕಾದ ಅಗತ್ಯವೂ ಬಾರದ ಹಾಗೆ ಮಾಡುವುದು ನನ್ನ ಕೆಲಸ. ಲೇಖಕರಿಗೇ ಒಂದು ಇಮೇಲ್ ಹಾಕಿ, ಹೆಚ್ಚಿನವರು ಖುಷಿಯಿಂದ ಕಳಿಸುತ್ತಾರೆ. ಪ್ರಿಪ್ರಿಂಟ್, ಅಂದರೆ ಪ್ರಕಟಣೆಗೆ ಮೊದಲಿನ ಕರಡು, ಹುಡುಕಿ. ಪಿಎಚ್‌ಡಿ ಪ್ರಬಂಧ ಬೇಕಾದರೆ ಶೋಧಗಂಗಾ ಜಾಲತಾಣ ಇದೆ. ಮತ್ತು ನಿಮ್ಮ ಲೇಖನ ಪ್ರಕಟವಾಗುವಾಗ ನೀವೂ ಒಂದು ಒಪ್ಪಂದಕ್ಕೆ ಸಹಿ ಹಾಕುತ್ತೀರಿ. ಅದರಲ್ಲಿ, ನಿಮ್ಮ ಸಂಸ್ಥೆಯ ರೆಪೊಸಿಟರಿಯಲ್ಲಿ ಒಂದು ಪ್ರತಿ ಇಡುವ ಹಕ್ಕನ್ನು ಉಳಿಸಿಕೊಂಡಿದ್ದೀರಾ? ಅದನ್ನೂ ದಯವಿಟ್ಟು ಓದಿ.

ಕುಂದಾಪುರ ಕಡೆಯ ಒಬ್ಬ ಯುವ ಗ್ರಂಥಪಾಲಕಿಯ ಪ್ರಶ್ನೆ: ‘ನಮ್ಮದು ಚಿಕ್ಕ ಕಾಲೇಜು ಮೇಡಂ. ನಾವು ಹೇಳಿದರೆ ಅಷ್ಟು ದೊಡ್ಡ ಕಂಪನಿ ಕೇಳುತ್ತದಾ?’

ಎಲ್ಲವನ್ನೂ ಕೇಳುವುದಿಲ್ಲಮ್ಮ. ಬೆಲೆ ಇಳಿಸುವುದಿಲ್ಲ. ಆದರೆ ಷರತ್ತು ಬದಲಿಸುವುದಕ್ಕೆ ಅವರಿಗೆ ದುಡ್ಡು ಖರ್ಚಾಗುವುದಿಲ್ಲ, ಅದಕ್ಕೇ ಬೆಲೆಗಿಂತ ಷರತ್ತಿನಲ್ಲಿ ಜಾಸ್ತಿ ಸಡಿಲ ಬಿಡುತ್ತಾರೆ. ನಮ್ಮ ಅನುಭವದಲ್ಲಿ ವಾಕ್-ಇನ್ ಓದುಗರ ಮಾತು ಸಿಕ್ಕಿದೆ. 52ನೇ ಕಲಂನ ಸಾಲು ಸಿಕ್ಕಿದೆ. ವ್ಯಾಜ್ಯ ಬಂದರೆ ಲಂಡನ್ ಕೋರ್ಟ್ ಎಂದಿದ್ದದ್ದನ್ನು ತೆಗೆಸಿದ್ದೇವೆ. ಎರವಲು ವಿಷಯದಲ್ಲಿ ಒಬ್ಬರು ಒಪ್ಪಿದರು, ಒಬ್ಬರು ಒಪ್ಪಲಿಲ್ಲ. ಏಜೆಂಟರಿಗೆ ಹೇಳಿದರೆ ಸಾಲದು, ಅವರಿಗೆ ಅಧಿಕಾರ ಇಲ್ಲ. ಪ್ರಕಾಶಕರ ಪ್ರತಿನಿಧಿಗೆ ನೇರ ಇಮೇಲ್ ಹೋಗಬೇಕು. ಅವರು ಬಾಯಲ್ಲಿ ‘ಆಯ್ತು ಮೇಡಂ, ತೊಂದರೆ ಇಲ್ಲ’ ಎಂದರೆ ಬಿಡಬೇಡಿ, ಇಮೇಲ್‌ನಲ್ಲಿ ಬರೆಸಿಕೊಂಡು ಒಪ್ಪಂದಕ್ಕೆ ಸೇರಿಸಿ. ಸಮಯವೂ ಮುಖ್ಯ. ಡಿಸೆಂಬರ್ ಕೊನೆಗೆ ರಿನ್ಯೂವಲ್ ಇದ್ದು ಡಿಸೆಂಬರ್ 20ಕ್ಕೆ ಪತ್ರ ಬರೆದರೆ ಏನೂ ಆಗುವುದಿಲ್ಲ. ಕೆಲವು ಒಪ್ಪಂದಗಳು 60 ದಿನ, 90 ದಿನ ಮೊದಲೇ ಬೇಡ ಎನ್ನದಿದ್ದರೆ ತಾವಾಗಿಯೇ ಮುಂದುವರಿಯುತ್ತವೆ. ಈಗ ಆಗಸ್ಟ್. ಸೆಪ್ಟೆಂಬರ್ ಒಳಗೆ ನಿಮ್ಮ ಪತ್ರ ಹೋಗಲಿ. ನಾವು ಬಳಸಿದ ಸಾಲುಗಳ ಇಂಗ್ಲಿಷ್ ಕರಡು ನನ್ನ ಹತ್ತಿರ ಇದೆ, ಪೆನ್‌ಡ್ರೈವ್ ತಂದಿದ್ದರೆ ಊಟಕ್ಕೆ ಏಳುವ ಮೊದಲೇ ಹಾಕಿಕೊಡುತ್ತೇನೆ.